ಭೂತಾನಿಗೆ ಉಪಗ್ರಹ ಯಾಕೆ?

ಕಳೆದ ವಾರ ಏಳನೆಯ ತರಗತಿಯಲ್ಲಿ ನೆರೆಯ ದೇಶಗಳ ಪಾಠ ಮಾಡುತ್ತಿದ್ದೆ. ಗೋಡೆಯ ಭೂಪಟದಲ್ಲಿ ಕೋಲಿನಿಂದ ಭೂತಾನನ್ನು ತೋರಿಸಿ, ಮಾತಿನ ಮಧ್ಯೆ "ಈ ದೇಶವೂ ಆಕಾಶಕ್ಕೆ ಉಪಗ್ರಹ ಕಳಿಸಿದೆ" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಅಷ್ಟು ಸಣ್ಣ ದೇಶಕ್ಕೆ ಉಪಗ್ರಹ ಯಾಕೆ? ದೊಡ್ಡವರು ಬಿಟ್ಟದ್ದು ಬೇಕಾದಷ್ಟು ಉಂಟಲ್ಲ, ಅದರಲ್ಲೇ ನೋಡಿದರೆ ಸಾಕಲ್ಲ?"

ತರಗತಿಯೆಲ್ಲ ನಕ್ಕಿತು. ನನಗೆ ನಗಲಾಗಲಿಲ್ಲ. ಯಾಕೆಂದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಹೊತ್ತಿಗೆ ಏನೋ ಒಂದು ಹೇಳಿ ಕೂರಿಸಿದೆ, ಗಂಟೆಯೂ ಹೊಡೆಯಿತು. ಆದರೆ ಮನೆಗೆ ಬಂದ ಮೇಲೂ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಧ್ಯಾಪಕ ಮಿತ್ರರು ತಮ್ಮ ತರಗತಿಯಲ್ಲಿ ಬಳಸಿಕೊಂಡರೆ ಸಂತೋಷ.

ಮೊದಲು ಅಳತೆ ನೋಡೋಣ. ಭೂತಾನಿನ ವಿಸ್ತೀರ್ಣ 38 ಸಾವಿರ ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಕೇರಳದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಜನಸಂಖ್ಯೆ? 2017ರ ಜನಗಣತಿಯಂತೆ ಭೂತಾನಿನಲ್ಲಿ ಇದ್ದವರು ಸುಮಾರು 7 ಲಕ್ಷದ 27 ಸಾವಿರ ಜನ. ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲೇ 2011ರಲ್ಲಿ 13 ಲಕ್ಷ ಜನರಿದ್ದರು! ಕೇರಳದಷ್ಟು ಅಗಲದ ನಾಡು, ಅದರಲ್ಲಿ ಕಾಸರಗೋಡು ಜಿಲ್ಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಎಂದು ಕಲ್ಪಿಸಿಕೊಳ್ಳಿ. ಅದೂ ಸಮತಟ್ಟಾದ ನೆಲವಲ್ಲ. ದಕ್ಷಿಣದ ಗಡಿಯಲ್ಲಿ ಸಮುದ್ರಮಟ್ಟದಿಂದ ನೂರಿನ್ನೂರು ಮೀಟರು ಎತ್ತರ, ಉತ್ತರದ ಗಡಿಯಲ್ಲಿ 7,570 ಮೀಟರ್ ಎತ್ತರದ ಗಾಂಗ್‌ಖರ್ ಪುಯೆನ್ಸುಮ್ ಶಿಖರ. ನಡುವೆ ಒಂದರ ಹಿಂದೆ ಒಂದು ಬೆಟ್ಟ, ಒಂದರ ಪಕ್ಕ ಒಂದು ಕಣಿವೆ.

ಇಂಥ ನಾಡಿನಲ್ಲಿ ಒಂದು ಕಣಿವೆಯ ಸುದ್ದಿ ಇನ್ನೊಂದು ಕಣಿವೆಗೆ ಮುಟ್ಟುವುದೇ ದೊಡ್ಡ ಕೆಲಸ. ನಮ್ಮ ಕಥೆ ಶುರುವಾಗುವುದು ಇಲ್ಲಿಂದ.

ರಸ್ತೆಗಿಂತ ಮೊದಲು

1958ರ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಭೂತಾನಿಗೆ ಹೋದರು. ಆಗ ಭಾರತದಿಂದ ಅಲ್ಲಿಗೆ ವಾಹನ ಹೋಗುವ ರಸ್ತೆ ಇರಲಿಲ್ಲ. ಸಿಕ್ಕಿಂ ದಾಟಿ, ನಾಥು ಲಾ ಕಣಿವೆ ಏರಿ, ಟಿಬೆಟ್‌ನ ಚುಂಬಿ ಕಣಿವೆಗೆ ಇಳಿದು, ಕುದುರೆಯ ಮೇಲೆ ಪಾರೋ ಸೇರಬೇಕಾಯಿತು. ದೇಶದ ಪ್ರಧಾನಿಯ ಪಾಡೇ ಹೀಗಿದ್ದರೆ ಉಳಿದವರದ್ದು ಹೇಗಿರಬೇಡ? 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯವರು 'ದಂತಕ್' ಯೋಜನೆಯ ಹೆಸರಿನಲ್ಲಿ ಅಲ್ಲಿ ರಸ್ತೆ ಕಡಿಯಲು ತೊಡಗಿದರು. ಗಡಿಯ ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಫುವಿಗೆ ಮೋಟಾರು ಹೋಗುವಂತಾದದ್ದು ಆ ಬಳಿಕ.

ಇಂಥ ದೇಶ 1967ರಲ್ಲಿ ಒಂದು ತಮಾಷೆಯ ಕೆಲಸ ಮಾಡಿತು. ಬಾಹ್ಯಾಕಾಶ ಯಾನದ ಚಿತ್ರಗಳಿರುವ ಅಂಚೆಚೀಟಿಗಳನ್ನು ಹೊರತಂದಿತು. ಅವೂ ಸಾಮಾನ್ಯ ಚೀಟಿಗಳಲ್ಲ, ಓರೆ ಮಾಡಿ ನೋಡಿದರೆ ಚಿತ್ರ ಎದ್ದು ಬಂದಂತೆ ಕಾಣುವ ಮೂರು ಆಯಾಮದ ಚೀಟಿಗಳು! ಚೀಟಿ ಸಂಗ್ರಹಿಸುವ ಹೊರದೇಶದವರು ಅವನ್ನು ಕೊಂಡರು, ದೇಶಕ್ಕೆ ನಾಲ್ಕು ಕಾಸು ಬಂತು. ಮನುಷ್ಯ ಚಂದ್ರನ ಮೇಲೆ ಕಾಲಿಡಲು ಆಗ ಇನ್ನೂ ಎರಡು ವರ್ಷ ಇತ್ತು. ಭೂತಾನಿನಲ್ಲಿ ಟಿವಿ ಇರಲಿಲ್ಲ, ರೇಡಿಯೋ ಕೇಂದ್ರವೂ ಇರಲಿಲ್ಲ. ಆಕಾಶ ಆ ದೇಶದ ಅಂಚೆಚೀಟಿಯ ಮೇಲೆ ಮಾತ್ರ ಇತ್ತು.

ಬಂದ ಟಿವಿ ಯಾರದ್ದು?

ರೇಡಿಯೋ ಬಂದದ್ದು 1973ರ ನವೆಂಬರಿನಲ್ಲಿ. ಸರಕಾರದ ದೊಡ್ಡ ಕೇಂದ್ರವೇನಲ್ಲ, ಯುವಕರ ಸಂಘವೊಂದು ಭಾನುವಾರಕ್ಕೊಮ್ಮೆ ಅರ್ಧ ಗಂಟೆ ನಡೆಸುತ್ತಿದ್ದ ಪ್ರಸಾರ. ಮುಂದೆ 1986ರಲ್ಲಿ ಅದೇ 'ಭೂತಾನ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್' ಆಗಿ, ಕಿರುತರಂಗದಲ್ಲಿ ದಿನವೂ ಬೆಟ್ಟದಾಚೆಯ ಹಳ್ಳಿಗಳಿಗೆ ಮುಟ್ಟಿತು. ಇದರಲ್ಲಿ ನನಗೆ ಮುಖ್ಯವಾಗಿ ಕಂಡ ಒಂದು ಸಂಗತಿ ಇದೆ. ಈ ರೇಡಿಯೋ ನಾಲ್ಕು ಭಾಷೆಗಳಲ್ಲಿ ಮಾತಾಡಿತು: ರಾಷ್ಟ್ರಭಾಷೆ ಜೋಂಗ್‌ಖಾ, ಪೂರ್ವದವರ ಶಾರ್ಚೋಪ್, ದಕ್ಷಿಣದವರ ನೇಪಾಳಿ, ಮತ್ತೆ ಇಂಗ್ಲಿಷ್.

ಟಿವಿಯ ವಿಷಯಕ್ಕೆ ಬಂದರೆ ಭೂತಾನ್ ಬಹಳ ಅಳೆದು ತೂಗಿತು. 1980ರ ದಶಕದ ಕೊನೆಗೆ ಅನುಕೂಲಸ್ಥರು ಮನೆ ಮೇಲೆ ಆಂಟೆನಾ ಹಾಕಿ ಹೊರದೇಶದ ಟಿವಿ ನೋಡತೊಡಗಿದಾಗ, 1989ರಲ್ಲಿ ಅವನ್ನು ಬಿಚ್ಚಿಸಲು ಆದೇಶವಾಯಿತು. ಹೊರಗಿನ ಸಂಸ್ಕೃತಿ ನಮ್ಮದನ್ನು ನುಂಗಿಬಿಡುತ್ತದೆ ಎಂಬ ಭಯ. ಹತ್ತು ವರ್ಷ ಹಾಗೇ ಕಳೆಯಿತು. 1998ರಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಥಿಂಫುವಿನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದರು. ಜನರಿಗೆ ಅದರ ರುಚಿ ಹತ್ತಿತು. ಮರುವರ್ಷ, 1999ರ ಜೂನ್ 2ರಂದು, ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕದ ಇಪ್ಪತ್ತೈದನೆಯ ವರ್ಷದ ಸಂದರ್ಭದಲ್ಲಿ ಭೂತಾನಿಗೆ ಟಿವಿ ಬಂತು. ಇಂಟರ್‌ನೆಟ್ಟಿಗೂ ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಜಗತ್ತಿನಲ್ಲಿ ಟಿವಿಯನ್ನು ತೀರಾ ಕೊನೆಗೆ ಒಳಗೆ ಬಿಟ್ಟುಕೊಂಡ ದೇಶಗಳಲ್ಲಿ ಭೂತಾನ್ ಒಂದು.

ಆದರೆ ನೋಡಿ, ಸ್ವಂತ ಟಿವಿಯ ಪ್ರಸಾರ ಆರಂಭದಲ್ಲಿ ಥಿಂಫುವಿಗೆ ಮಾತ್ರ, ಅದೂ ದಿನಕ್ಕೆ ಕೆಲವೇ ಗಂಟೆ. ಕೇಬಲ್ಲಿನವರು ತಂದುಕೊಟ್ಟ ಹೊರದೇಶದ ಚಾನೆಲುಗಳು ಹತ್ತಾರು, ಅವು ಇಪ್ಪತ್ತನಾಲ್ಕು ಗಂಟೆಯೂ ಇದ್ದವು. ಹೊರಗಿನವರ ಚಾನೆಲಿಗೆ ಉಪಗ್ರಹದ ಬೆಂಬಲ ಇತ್ತು, ಹಾಗಾಗಿ ಅದಕ್ಕೆ ಬೆಟ್ಟ ಅಡ್ಡ ಬರಲಿಲ್ಲ. ತನ್ನದೇ ನಾಡಿನ ಚಾನೆಲಿಗೆ ಮಾತ್ರ ಪ್ರತಿ ಬೆಟ್ಟವೂ ಅಡ್ಡ! ಮುಂಬಯಿಯ ಧಾರಾವಾಹಿ ಸಿಗುವ ಊರಿನಲ್ಲಿ ಥಿಂಫುವಿನ ವಾರ್ತೆ ಸಿಗದ ಸ್ಥಿತಿ. 2006ರಲ್ಲಿ ಉಪಗ್ರಹವೊಂದರಲ್ಲಿ ಜಾಗ ಪಡೆದು ಭೂತಾನಿನ ಟಿವಿ ದೇಶದ ಉದ್ದಗಲಕ್ಕೆ ಮುಟ್ಟುವ ತನಕ ಹೀಗೇ ನಡೆಯಿತು.

ಇಲ್ಲಿ ಮಕ್ಕಳಿಗೆ ಒಂದು ವಿಷಯ ವಿವರಿಸಬೇಕು. ಟಿವಿ ಪ್ರಸಾರದ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಭೂಮಿ ಒಂದು ಸುತ್ತು ತಿರುಗುವ ಹೊತ್ತಿಗೆ ಅದೂ ಒಂದು ಸುತ್ತು ಹಾಕುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ. ಅದಕ್ಕೇ ಮಾಡಿನ ಮೇಲಿನ ಡಿಶ್ಶನ್ನು ಒಮ್ಮೆ ಸರಿಯಾಗಿ ತಿರುಗಿಸಿ ಇಟ್ಟರೆ ಮತ್ತೆ ಮುಟ್ಟಬೇಕಾಗಿಲ್ಲ. ನೆಲದ ಮೇಲಿನ ಗೋಪುರದಿಂದ ಹೊರಟ ಅಲೆ ಬೆಟ್ಟಕ್ಕೆ ಬಡಿದು ನಿಲ್ಲುತ್ತದೆ. ಮೇಲಿನಿಂದ ಬರುವ ಅಲೆ ಕಣಿವೆಯೊಳಗೂ ಇಳಿಯುತ್ತದೆ. ಬಯಲುಸೀಮೆಗೆ ಉಪಗ್ರಹ ಒಂದು ಅನುಕೂಲ, ಗುಡ್ಡಗಾಡಿನ ದೇಶಕ್ಕೆ ಅದು ಅಗತ್ಯ.

ಮೇಲಿನಿಂದ ನೋಡುವ ಕಣ್ಣು

ಇನ್ನು ಎರಡನೆಯ ಕಾರಣ. ಇದು ಜೀವದ ಪ್ರಶ್ನೆ.

1994ರ ಅಕ್ಟೋಬರ್ 7. ಭೂತಾನಿನ ಉತ್ತರ ತುದಿಯಲ್ಲಿ ಲುನಾನಾ ಎಂಬ ಪ್ರದೇಶವಿದೆ. ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಹಿಮನದಿ ಕರಗಿ ನಿಂತ ಲುಗ್ಗೆ ತ್ಸೊ ಎಂಬ ಸರೋವರ. ಅದಕ್ಕೆ ಸಿಮೆಂಟಿನ ಕಟ್ಟೆ ಇಲ್ಲ. ಹಿಮನದಿಯೇ ನೂರಾರು ವರ್ಷ ತಳ್ಳಿ ತಂದು ರಾಶಿ ಹಾಕಿದ ಕಲ್ಲು ಮಣ್ಣಿನ ದಿಬ್ಬವೇ ಅದರ ಕಟ್ಟೆ. ಅಂದು ಆ ದಿಬ್ಬ ಒಂದು ಕಡೆ ಒಡೆಯಿತು. ನೀರು ಫೊ ಛು ನದಿಗೆ ನುಗ್ಗಿ, ಸುಮಾರು ತೊಂಬತ್ತು ಕಿಲೋಮೀಟರ್ ಕೆಳಗಿರುವ ಪುನಾಖಾದ ತನಕ ಮರ, ಬಂಡೆ, ಮನೆ ಎಲ್ಲ ಎಳೆದುಕೊಂಡು ಬಂತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹದಿನೇಳನೆಯ ಶತಮಾನದಲ್ಲಿ ಎರಡು ನದಿಗಳ ಸಂಗಮದಲ್ಲಿ ಕಟ್ಟಿದ ಪುನಾಖಾದ ಜೋಂಗ್, ಅಂದರೆ ಕೋಟೆಯೂ ಮಠವೂ ಆದ ಕಟ್ಟಡ, ಅದಕ್ಕೂ ಹಾನಿಯಾಯಿತು. ಮೇಲೆ ಕಟ್ಟೆ ಒಡೆದದ್ದು ಕೆಳಗಿನವರಿಗೆ ಗೊತ್ತಾದದ್ದು ನೀರು ಬಂದಾಗಲೇ.

ಲುನಾನಾಕ್ಕೆ ಹೋಗಬೇಕಾದರೆ ಎತ್ತರದ ಕಣಿವೆದಾರಿಗಳನ್ನು ದಾಟಿ ದಿನಗಟ್ಟಲೆ ನಡೆಯಬೇಕು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿಯೇ ಮುಚ್ಚುತ್ತದೆ. ಅಂಥ ಕಡೆ ಇರುವ ನೂರಾರು ಸರೋವರಗಳನ್ನು ಯಾರು ಹೋಗಿ ನೋಡಿ ಬರುವುದು? ಯಾವುದು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆ, ಯಾವುದು ಹಾಗೇ ಇದೆ ಎಂದು ತಿಳಿಯುವುದು ಹೇಗೆ?

ಉಪಗ್ರಹ ಇದಕ್ಕೆ ಒದಗಿತು. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಭೂವೀಕ್ಷಣಾ ಉಪಗ್ರಹಗಳು ಅದೇ ಜಾಗದ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತವೆ. ಹತ್ತು ವರ್ಷ ಹಿಂದಿನ ಚಿತ್ರದ ಪಕ್ಕ ಇಂದಿನ ಚಿತ್ರ ಇಟ್ಟರೆ ಸರೋವರ ಎಷ್ಟು ಬೆಳೆದಿದೆ ಎಂದು ಅಳೆಯಬಹುದು. 2001ರಲ್ಲಿ ಕಠ್ಮಂಡುವಿನ ಐಸಿಮೋಡ್ ಎಂಬ ಪರ್ವತ ಅಧ್ಯಯನ ಸಂಸ್ಥೆ ನಕ್ಷೆಗಳನ್ನೂ ಉಪಗ್ರಹ ಚಿತ್ರಗಳನ್ನೂ ಇಟ್ಟುಕೊಂಡು ಪಟ್ಟಿ ಮಾಡಿತು. ಭೂತಾನಿನಲ್ಲಿ 677 ಹಿಮನದಿಗಳು, 2,674 ಸರೋವರಗಳು, ಅವುಗಳಲ್ಲಿ ಅಪಾಯ ತರಬಹುದಾದವು 24 ಎಂಬ ಲೆಕ್ಕ ಸಿಕ್ಕಿತು. ಆಮೇಲೆ 2006ರಲ್ಲಿ ಹಾರಿದ ಜಪಾನಿನ 'ದೈಚಿ' ಉಪಗ್ರಹದ ಚಿತ್ರಗಳಿಂದ ಇನ್ನೂ ಸೂಕ್ಷ್ಮವಾದ ಅಧ್ಯಯನ ನಡೆಯಿತು.

ಲುಗ್ಗೆಯ ನೆರೆಯಲ್ಲೇ ಥೋರ್ಥೋರ್ಮಿ ಎಂಬ ಇನ್ನೊಂದು ಸರೋವರವಿದೆ. 1950ರ ದಶಕದಲ್ಲಿ ಅದು ಸರೋವರವೇ ಆಗಿರಲಿಲ್ಲ, ಹಿಮನದಿಯ ಮೇಲಿನ ಸಣ್ಣ ಸಣ್ಣ ಹೊಂಡಗಳಷ್ಟೆ. ಆ ಹೊಂಡಗಳು ಕೂಡುತ್ತಾ ಕೂಡುತ್ತಾ ದೊಡ್ಡದಾದವು. ಅದಕ್ಕೂ ಪಕ್ಕದ ರಾಫ್‌ಸ್ಟ್ರೆಂಗ್ ಸರೋವರಕ್ಕೂ ನಡುವೆ ಇರುವುದು ಒಂದು ಮಣ್ಣುಕಲ್ಲಿನ ಗೋಡೆ. ಅದು ಕುಸಿದು ಎರಡೂ ಒಟ್ಟಿಗೆ ಹರಿದರೆ 5.3 ಕೋಟಿ ಘನ ಮೀಟರಿನಷ್ಟು ನೀರು ಕೆಳಗೆ ಬಂದೀತು ಎಂದು ಅಂದಾಜು ಮಾಡಿದರು. ಆಮೇಲೆ ಏನು ಮಾಡಿದರು ಗೊತ್ತೇ? ಯಂತ್ರ ಒಯ್ಯಲಾಗದ ಜಾಗ. ನೂರಾರು ಜನ ಬೇಸಿಗೆಯ ತಿಂಗಳುಗಳಲ್ಲಿ ನಡೆದು ಹೋಗಿ, ಹಾರೆ, ಪಿಕ್ಕಾಸು, ಸಲಿಕೆ ಹಿಡಿದು, ಕೊರೆಯುವ ನೀರಿನಲ್ಲಿ ನಿಂತು ಕಾಲುವೆ ಕಡಿದರು. 2009ರಿಂದ 2012ರ ವರೆಗಿನ ಈ ಕೆಲಸದಿಂದ ಸರೋವರದ ಮಟ್ಟ ಐದು ಮೀಟರ್ ಇಳಿಯಿತು. 2011ರಲ್ಲಿ ನದಿಯುದ್ದಕ್ಕೂ ಮುನ್ನೆಚ್ಚರಿಕೆಯ ಸೈರನ್ನುಗಳು ಬಂದವು.

ಈ ಭಾಗವನ್ನು ಮಕ್ಕಳಿಗೆ ಹೇಳುವಾಗ ನಾನು ಒತ್ತಿ ಹೇಳುತ್ತೇನೆ. ಉಪಗ್ರಹ ತೋರಿಸಿಕೊಟ್ಟಿತು, ಆದರೆ ನೀರಿಗೆ ಇಳಿದದ್ದು ಮನುಷ್ಯರು. ಹಾರೆ ಹಿಡಿಯುವ ಕೈ ಇಲ್ಲದಿದ್ದರೆ ಆಕಾಶದ ಕಣ್ಣಿನಿಂದ ಪ್ರಯೋಜನವಿಲ್ಲ. ಹಾಗೆಯೇ, ಹಾರೆ ಎಲ್ಲಿ ಹಾಕಬೇಕೆಂದು ಗೊತ್ತಾಗಲು ಆ ಕಣ್ಣು ಬೇಕು.

ಕಾಡಿನದ್ದೂ ಇದೇ ಕಥೆ. ದೇಶದ ಶೇಕಡಾ 60 ಭಾಗ ಎಂದೆಂದಿಗೂ ಕಾಡಾಗಿಯೇ ಇರಬೇಕು ಎಂದು 2008ರ ಭೂತಾನ್ ಸಂವಿಧಾನ ಹೇಳುತ್ತದೆ. ಬರೆಯುವುದು ಸುಲಭ, ಅಳೆಯುವುದು ಹೇಗೆ? ಉಪಗ್ರಹ ಚಿತ್ರಗಳಿಂದ ಮಾಡಿದ ಭೂಬಳಕೆ ನಕ್ಷೆ ಶೇಕಡಾ 70ಕ್ಕೂ ಹೆಚ್ಚು ಕಾಡು ಇದೆ ಎಂದು ತೋರಿಸಿತು. ಕಾನೂನಿನ ಮಾತಿಗೆ ಆಕಾಶದಿಂದ ಸಾಕ್ಷಿ ಸಿಕ್ಕಿದ ಹಾಗಾಯಿತು.

ನಮ್ಮ ಹುಡುಗ ಕೇಳಿದ್ದು ಇಲ್ಲಿಗೆ ಮತ್ತೆ ಬರುತ್ತದೆ. ಇದೆಲ್ಲ ಬೇರೆಯವರ ಉಪಗ್ರಹದಲ್ಲೇ ಆಯಿತಲ್ಲ, ಮತ್ತೆ ಸ್ವಂತದ್ದು ಯಾಕೆ?

ನೆರೆಯವರ ಪಾಲು, ತನ್ನದೇ ಡಬ್ಬ

2014ರಲ್ಲಿ ಭಾರತ ಸಾರ್ಕ್ ದೇಶಗಳಿಗಾಗಿ ಒಂದು ಉಪಗ್ರಹದ ಮಾತು ಎತ್ತಿತು. ಪಾಕಿಸ್ತಾನ ಸೇರಲಿಲ್ಲ. ಉಳಿದವರಿಗಾಗಿ 'ದಕ್ಷಿಣ ಏಷ್ಯಾ ಉಪಗ್ರಹ' 2017ರ ಮೇ 5ರಂದು ಶ್ರೀಹರಿಕೋಟದಿಂದ ಜಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹಾರಿತು. ತೂಕ 2,230 ಕಿಲೋ, ಅದರಲ್ಲಿ 12 ಟ್ರಾನ್ಸ್‌ಪಾಂಡರುಗಳು. ಟ್ರಾನ್ಸ್‌ಪಾಂಡರ್ ಎಂದರೆ ಕೆಳಗಿನಿಂದ ಬಂದ ಸಂಕೇತವನ್ನು ಹಿಡಿದು, ಬಲಪಡಿಸಿ, ಮತ್ತೆ ಕೆಳಗೆ ಕಳಿಸುವ ಸಾಧನ. ಭೂತಾನಿಗೂ ಅದರಲ್ಲಿ ಪಾಲು ಸಿಕ್ಕಿತು. ಅದನ್ನು ಬಳಸಲು ಥಿಂಫುವಿನಲ್ಲಿ ಇಸ್ರೋ ನೆರವಿನಿಂದ ಕಟ್ಟಿದ ಭೂಕೇಂದ್ರ 2019ರ ಆಗಸ್ಟ್ 17ರಂದು ಉದ್ಘಾಟನೆಯಾಯಿತು.

ಇದರ ನಡುವೆಯೇ ಭೂತಾನ್ ಇನ್ನೊಂದು ಕೆಲಸ ಮಾಡಿತ್ತು. ತನ್ನ ನಾಲ್ವರು ಇಂಜಿನಿಯರುಗಳನ್ನು ಜಪಾನಿನ ಕ್ಯುಶು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಓದಲು ಕಳಿಸಿತ್ತು. ಅಲ್ಲಿ 'ಬರ್ಡ್ಸ್' ಎಂಬ ಯೋಜನೆ. ಮೊದಲ ಉಪಗ್ರಹ ಕಟ್ಟಲು ಬಯಸುವ ದೇಶಗಳ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಕಲಿಯುವ ಶಾಲೆ ಎನ್ನಿ. ಫಿಲಿಪ್ಪೀನ್ಸ್ ಮತ್ತು ಮಲೇಷ್ಯಾದವರ ಜೊತೆಗೆ ಭೂತಾನಿನವರೂ ಕಟ್ಟಿದ್ದು 'ಭೂತಾನ್-1'. ಪ್ರತಿ ಬದಿಗೆ ಹತ್ತು ಸೆಂಟಿಮೀಟರಿನ ಒಂದು ಚೌಕದ ಡಬ್ಬ, ತೂಕ ಒಂದು ಕಿಲೋ ಆಸುಪಾಸು. ಮಕ್ಕಳ ಬುತ್ತಿ ಡಬ್ಬದೊಳಗೆ ಹಿಡಿಸೀತು! ಅದರಲ್ಲಿ ಎರಡು ಪುಟ್ಟ ಕ್ಯಾಮರಾಗಳು, ಸಣ್ಣ ಸಂದೇಶಗಳನ್ನು ಹಿಡಿದು ಮರುಪ್ರಸಾರ ಮಾಡುವ ರೇಡಿಯೋ, ಇನ್ನು ಕೆಲವು ಪ್ರಯೋಗಗಳು. 2018ರ ಜೂನ್ 29ರಂದು ಅಮೆರಿಕದ ರಾಕೆಟ್ಟಿನಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಆಗಸ್ಟ್ 10ರಂದು ಅಲ್ಲಿನ ಜಪಾನಿನ ಕೋಣೆಯಿಂದ ಅದನ್ನು ಹೊರಗೆ ಬಿಟ್ಟರು. ಎರಡು ವರ್ಷ ಚಿಲ್ಲರೆ ಭೂಮಿಯನ್ನು ಸುತ್ತಿ ಕೊನೆಗೆ ವಾತಾವರಣದಲ್ಲಿ ಉರಿದುಹೋಯಿತು.

ಅದು ಸರೋವರ ಕಾಯಲಿಲ್ಲ, ಟಿವಿ ತೋರಿಸಲಿಲ್ಲ. ಹಾಗಾದರೆ ವ್ಯರ್ಥವೇ? ಈ ಪ್ರಶ್ನೆಗೆ ಉತ್ತರ ನಮ್ಮ ತುಳುನಾಡಿನ ಹತ್ತಿರವೇ ಇದೆ.

1975ರ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹ 'ಆರ್ಯಭಟ' ಹಾರಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಆ ತಂಡದ ಹಿರಿಯರು ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಪ್ರೊ. ಯು.ಆರ್. ರಾವ್. ಹಾರಿಸಿಕೊಟ್ಟದ್ದು ಸೋವಿಯತ್ ರಷ್ಯಾ, ಅವರದ್ದೇ ನೆಲದಿಂದ, ಅವರದ್ದೇ ರಾಕೆಟ್ಟಿನಲ್ಲಿ. ನಮ್ಮಲ್ಲಿ ಆಗ ರಾಕೆಟ್ ಇರಲಿಲ್ಲ. ಆರ್ಯಭಟದ ವಿದ್ಯುತ್ ವ್ಯವಸ್ಥೆ ಕೆಟ್ಟು ನಾಲ್ಕೈದು ದಿನಗಳಲ್ಲೇ ಅದರ ಪ್ರಯೋಗಗಳು ನಿಂತವು. ಅಂದಿಗೂ ಇದನ್ನು ನೋಡಿ ನಕ್ಕವರು ಇದ್ದಿರಬಹುದು. ಆದರೆ ಆ ಶೆಡ್ಡುಗಳಲ್ಲಿ ಕಲಿತವರೇ ಮುಂದೆ ನೂರಕ್ಕೂ ಹೆಚ್ಚು ಉಪಗ್ರಹ ಕಟ್ಟುವ ಸಂಸ್ಥೆಗೆ ಅಡಿಪಾಯ ಹಾಕಿದರು. ಮೊದಲ ಉಪಗ್ರಹದ ನಿಜವಾದ ಗಳಿಕೆ ಅದನ್ನು ಕಟ್ಟಲು ಕಲಿತ ಜನ.

1975ರಲ್ಲಿ ಭಾರತ ನಿಂತಿದ್ದ ಮೆಟ್ಟಿಲಿನಲ್ಲೇ 2018ರಲ್ಲಿ ಭೂತಾನ್ ನಿಂತಿತ್ತು. ಹೆಚ್ಚು ದೊಡ್ಡ ಅಂತರವೇನಲ್ಲ, ನಲವತ್ತಮೂರು ವರ್ಷ.

ಆಮೇಲಿನ ಹೆಜ್ಜೆಯಲ್ಲಿ ಎರಡು ಕಥೆಗಳೂ ಒಂದಾದವು. 2022ರ ನವೆಂಬರ್ 26ರಂದು ಶ್ರೀಹರಿಕೋಟದಿಂದ ಹಾರಿದ ಪಿಎಸ್‌ಎಲ್‌ವಿ-ಸಿ54 ರಾಕೆಟ್ಟಿನಲ್ಲಿ 'ಐಎನ್‌ಎಸ್-2ಬಿ' ಎಂಬ 18 ಕಿಲೋ ತೂಕದ ಭಾರತ-ಭೂತಾನ್ ಉಪಗ್ರಹ ಇತ್ತು. ಇದಕ್ಕಾಗಿ ಭೂತಾನಿನ ಇಂಜಿನಿಯರುಗಳು ತರಬೇತಿ ಪಡೆದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ರಾವ್ ಅವರು 2017ರಲ್ಲಿ ತೀರಿಕೊಂಡ ಮೇಲೆ 2018ರಲ್ಲಿ ಆ ಕೇಂದ್ರಕ್ಕೆ ಅವರ ಹೆಸರು ಇಟ್ಟರು. ಉಪಗ್ರಹದಲ್ಲಿ ಎರಡು ಸಾಧನಗಳಿದ್ದವು. ನೆಲದ ಚಿತ್ರ ತೆಗೆಯುವ ಬಹುವರ್ಣ ಕ್ಯಾಮರಾ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ್ದು. ಹವ್ಯಾಸಿ ರೇಡಿಯೋದವರ ಸಂದೇಶ ಮರುಪ್ರಸಾರ ಮಾಡುವ ಸಾಧನ ಭೂತಾನಿನ ಮಾಹಿತಿ ತಂತ್ರಜ್ಞಾನ ಇಲಾಖೆಯೂ ಬೆಂಗಳೂರಿನ ಕೇಂದ್ರವೂ ಸೇರಿ ಮಾಡಿದ್ದು. ಪ್ರವಾಹವೋ ಭೂಕಂಪವೋ ಆಗಿ ಮೊಬೈಲ್ ಗೋಪುರ ಬಿದ್ದ ಕಣಿವೆಯಿಂದ ಒಂದು ಸಾಲಿನ ಸುದ್ದಿ ಹೊರಗೆ ಬರಲು ಇಂಥ ಸಾಧನ ಸಾಕು. 1994ರ ಪುನಾಖಾ ನೆನಪಾಯಿತೇ?

ಹಿಮಸರೋವರಗಳ ಲೆಕ್ಕಕ್ಕೆ ಒಮ್ಮೆ ಹಿಂತಿರುಗೋಣ. 2001ರಲ್ಲಿ ಆ ಪಟ್ಟಿ ಮಾಡಿದ್ದು ಕಠ್ಮಂಡುವಿನ ಸಂಸ್ಥೆ. 2019ರಲ್ಲಿ ಭೂತಾನಿನದೇ ಜಲಮಾಪನ ಮತ್ತು ಹವಾಮಾನ ಕೇಂದ್ರ ಮತ್ತೆ ಪರಿಶೀಲಿಸಿ, ಅಪಾಯಕಾರಿ ಸರೋವರಗಳು 17 ಎಂದಿತು. ಸಂಖ್ಯೆ ಬದಲಾದದ್ದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಎಣಿಸುವವರು ಬದಲಾದದ್ದು. ಚಿತ್ರ ತೆಗೆದ ಉಪಗ್ರಹ ಯಾರದ್ದೇ ಇರಲಿ, ಚಿತ್ರವನ್ನು ಓದಿದವರು ಆ ನಾಡಿನವರು. ಯಾವ ಸರೋವರದ ಕೆಳಗೆ ಯಾವ ಹಳ್ಳಿ ಎಂದು ಅವರಿಗೆ ಗೊತ್ತು.

ಇದೇ ನಮ್ಮ ಹುಡುಗನಿಗೆ ಉತ್ತರ. ದೊಡ್ಡವರ ಉಪಗ್ರಹದಲ್ಲಿ ನೋಡಬಹುದು, ನಿಜ. ಆದರೆ ನೋಡಿದ್ದನ್ನು ಓದಲು ಮನೆಯವರೇ ಬೇಕು. ಓದಲು ಕಲಿಯುವ ಒಳ್ಳೆಯ ದಾರಿ ಒಮ್ಮೆ ತಾನೇ ಕಟ್ಟಿ ನೋಡುವುದು.

ಯಾರ ಮಾತಿನಲ್ಲಿ?

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕನ್ನಡ ಶಾಲೆಯ ಅಧ್ಯಾಪಕನಾಗಿ ಇನ್ನೊಂದು ವಿಷಯ ಹೇಳದೆ ಇರಲಾರೆ.

1975ರ ಆಗಸ್ಟಿನಿಂದ 1976ರ ಜುಲೈ ತನಕ ಭಾರತದಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷಕ್ಕೆ ಕೇಳಿ ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿದರು. ನಮ್ಮ ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಉಪಗ್ರಹ ಅಮೆರಿಕದ್ದು. ಆದರೆ ಅದರಿಂದ ಇಳಿದ ಮಾತು ಹಿಂದಿ, ಒಡಿಯಾ, ತೆಲುಗು ಮತ್ತು ಕನ್ನಡ. ಹಳ್ಳಿಯ ಮಕ್ಕಳಿಗೆ ಆಕಾಶ ಅವರದ್ದೇ ಭಾಷೆಯಲ್ಲಿ ಪಾಠ ಹೇಳಿತು. ಉಪಗ್ರಹ ಎರವಲು ತಂದದ್ದಾದರೂ ಮಾತು ಎರವಲು ಆಗಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭೂತಾನಿನ ಕಥೆಯ ಇನ್ನೊಂದು ಮುಖವನ್ನೂ ಮರೆಮಾಚಬಾರದು. ತನ್ನ ಭಾಷೆ, ಉಡುಗೆ, ನಡೆನುಡಿ ಉಳಿಯಬೇಕೆಂಬ ಅದೇ ಆತಂಕ 1989ರಲ್ಲಿ ಅಲ್ಲಿನ ಶಾಲೆಗಳಿಂದ ನೇಪಾಳಿ ಭಾಷೆಯ ಪಾಠವನ್ನು ತೆಗೆಸಿತು. ಬಳಿಕ 1990ರ ದಶಕದಲ್ಲಿ ಒಂದು ಲಕ್ಷದಷ್ಟು ನೇಪಾಳಿ ಭಾಷಿಕರು ಆ ನೆಲ ಬಿಟ್ಟು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಇರಬೇಕಾಯಿತು. 2007ರ ನಂತರ ಅವರಲ್ಲಿ ಬಹಳ ಮಂದಿ ಅಮೆರಿಕ ಮೊದಲಾದ ದೇಶಗಳಿಗೆ ಹೋಗಿ ನೆಲೆಸಿದರು. ದೊಡ್ಡವರು ತನ್ನನ್ನು ನುಂಗಿಯಾರು ಎಂದು ಹೆದರುವ ಸಣ್ಣ ದೇಶವೂ ತನ್ನೊಳಗಿನ ಇನ್ನೂ ಸಣ್ಣವರನ್ನು ಮರೆಯಬಹುದು! ಗಡಿಯಾಚೆ ಉಳಿದ ಭಾಷೆಯ ಮಕ್ಕಳಿಗೆ ಪಾಠ ಹೇಳುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಆಗ ಇದ್ದ ಶಾಲೆಯ ಮಾಡಿನ ಮೇಲೂ ಒಂದು ಡಿಶ್ ಬಂತು. ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಚಿತ್ರ ಬಹಳ ಚಂದ ಬರುತ್ತಿತ್ತು. ಪಾಠ ಮಾತ್ರ ಮಲಯಾಳದಲ್ಲಿ. ನಮ್ಮ ಮಕ್ಕಳಿಗೆ ಅಂಗಡಿಯ ಮಲಯಾಳ, ಬಸ್ಸಿನ ಮಲಯಾಳ ಚೆನ್ನಾಗಿ ಗೊತ್ತು. ಪಾಠದ ಮಲಯಾಳ ಬೇರೆಯೇ. 'ಪ್ರಕಾಶಸಂಶ್ಲೇಷಣಂ' ಎಂದು ಟಿವಿ ಹೇಳಿದಾಗ, ಅದು ನಮ್ಮ ಪುಸ್ತಕದ 'ದ್ಯುತಿಸಂಶ್ಲೇಷಣೆ' ಎಂದು ನಾನು ಪಕ್ಕದಲ್ಲಿ ನಿಂತು ಹೇಳಬೇಕು. ನಾನು ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಟಿವಿ ಮೂರು ವಾಕ್ಯ ಮುಂದೆ. ಕೊನೆಗೆ ಧ್ವನಿ ತಗ್ಗಿಸಿ, ಚಿತ್ರ ಮಾತ್ರ ಇಟ್ಟುಕೊಂಡು ನಾನೇ ಕನ್ನಡದಲ್ಲಿ ಹೇಳತೊಡಗಿದೆ. ದೂರು ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. 2020ರ ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಕನ್ನಡ ಮಾಧ್ಯಮದ ಪಾಠಗಳನ್ನೂ ಚಿತ್ರೀಕರಿಸಿದರು, ನಮ್ಮ ಕನ್ನಡ ಅಧ್ಯಾಪಕರೇ ಕ್ಯಾಮರಾ ಮುಂದೆ ನಿಂತರು. ಆ ದಿನ ಮಕ್ಕಳಿಗೆ ಪಕ್ಕದಲ್ಲಿ ಅನುವಾದ ಹೇಳುವವರು ಬೇಕಾಗಲಿಲ್ಲ.

2025ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್ ಎಂಬ ಅಮೆರಿಕದ ಕಂಪೆನಿಯ ಉಪಗ್ರಹ ಇಂಟರ್‌ನೆಟ್ ಭೂತಾನಿನಲ್ಲಿ ಶುರುವಾಯಿತು. ಇನ್ನು ಲುನಾನಾದಂಥ ಊರಿಗೂ ಸಂಪರ್ಕ ಸಿಗುವ ದಾರಿ ತೆರೆಯಿತು ಎನ್ನಬಹುದು. ಒಳ್ಳೆಯದೇ. ಆದರೆ 1999ರ ಪ್ರಶ್ನೆಯೇ ಮತ್ತೆ ಎದುರಿಗೆ ನಿಂತಿದೆ: ಮೇಲಿನಿಂದ ಇಳಿಯುವುದರಲ್ಲಿ ನಮ್ಮ ಮಾತು ಎಷ್ಟು? ಭೂತಾನ್ ಈ ಸಲ ಅದಕ್ಕೆ ಉತ್ತರ ಹೇಳುವಾಗ ಅದರ ಬಳಿ ಉಪಗ್ರಹ ಕಟ್ಟಲು ಕಲಿತವರಿದ್ದಾರೆ, ಅದರ ಚಿತ್ರ ಓದಬಲ್ಲವರಿದ್ದಾರೆ. 1999ರಲ್ಲಿ ಇರಲಿಲ್ಲ.

ನಾಳೆ ಏಳನೆಯ ತರಗತಿಗೆ ಇದನ್ನೆಲ್ಲ ಹೇಳಬೇಕೆಂದಿದ್ದೇನೆ. ಎಲ್ಲ ಹೇಳಲು ಒಂದು ಪೀರಿಯಡ್ ಸಾಲದು. ರಟ್ಟಿನಲ್ಲಿ ಹತ್ತು ಸೆಂಟಿಮೀಟರಿನ ಒಂದು ಡಬ್ಬ ಮಾಡಿಕೊಂಡು ಹೋಗುತ್ತೇನೆ. ಪ್ರಶ್ನೆ ಕೇಳಿದ ಹುಡುಗನ ಕೈಗೇ ಅದನ್ನು ಕೊಟ್ಟು, "ಇದರೊಳಗೆ ನೀನಾದರೆ ಏನು ಇಡುತ್ತಿ?" ಎಂದು ಕೇಳಬೇಕು. ಅವನು ಏನು ಹೇಳುತ್ತಾನೋ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.